ಮುಳ್ಳುತಂತಿಯ ಬಳಿ ಕೈ ಬೀಸಿದವನು: ಕಾರ್ಕ್ ನಗರದ ಟೈಗ್ ಬ್ಯಾರಿ

1921ರ ನವೆಂಬರ್ 15. ಐರ್ಲೆಂಡಿನ ಈಶಾನ್ಯ ಕರಾವಳಿಯ ಬ್ಯಾಲಿಕಿನ್ಲರ್ ಎಂಬ ಊರಲ್ಲಿ ಬ್ರಿಟಿಷ್ ಸೈನ್ಯದ ಒಂದು ಬಂಧಿಖಾನೆ. ಜೈಲು ಅಂದರೆ ಗೋಡೆ ಕಟ್ಟಿದ ಜೈಲಲ್ಲ. ಸಾಲು ಸಾಲು ಮರದ ಶೆಡ್ಡುಗಳು, ಸುತ್ತ ಮುಳ್ಳುತಂತಿ, ಬಂದೂಕು ಹಿಡಿದ ಕಾವಲುಗಾರರು. ಒಳಗೆ ಸಾವಿರಾರು ಜನ. ಹೆಚ್ಚಿನವರ ಮೇಲೆ ಕೇಸೂ ಇಲ್ಲ, ವಿಚಾರಣೆಯೂ ಇಲ್ಲ.

ಅವತ್ತು ಕೆಲವು ಬಂಧಿಗಳಿಗೆ ಬಿಡುಗಡೆಯಾಗಿತ್ತು. ಹೊರಟವರಿಗೆ ವಿದಾಯ ಹೇಳಲು ಉಳಿದವರು ತಂತಿಯ ಹತ್ತಿರ ಬಂದರು. ಅವರಲ್ಲಿ ಒಬ್ಬ, ನಲವತ್ತೊಂದು ವರ್ಷದವನು, ಕೈ ಬೀಸುತ್ತಿದ್ದ. ಕಾವಲುಗಾರ ಗುಂಡು ಹಾರಿಸಿದ. ಆತ ಅಲ್ಲೇ ಸತ್ತ.

ಆಗ ಯುದ್ಧ ನಡೆಯುತ್ತಿರಲಿಲ್ಲ ಅನ್ನುವುದನ್ನು ನೆನಪಿಡಿ. ಜುಲೈ 11ರಂದೇ ಕದನ ವಿರಾಮವಾಗಿತ್ತು. ಐರಿಷ್ ನಾಯಕರು ಲಂಡನ್ನಿನಲ್ಲಿ ಬ್ರಿಟಿಷ್ ಪ್ರಧಾನಿಯ ಎದುರು ಕೂತು ಮಾತುಕತೆ ಮಾಡುತ್ತಿದ್ದರು. ಇನ್ನು ಸರಿಯಾಗಿ ಮೂರು ವಾರಕ್ಕೆ, ಡಿಸೆಂಬರ್ 6ಕ್ಕೆ, ಒಪ್ಪಂದಕ್ಕೆ ಸಹಿ ಬಿತ್ತು. ಅದಾದ ಕೆಲವೇ ದಿನಗಳಲ್ಲಿ ಆ ಶೆಡ್ಡುಗಳು ಖಾಲಿಯಾದವು.

ಸತ್ತವನ ಹೆಸರು ಟೈಗ್ ಬ್ಯಾರಿ. 'ಟೈಗರ್' ಅನ್ನುವಾಗ ಕೊನೆಯ ಅಕ್ಷರ ಬಿಟ್ಟರೆ ಆತನ ಹೆಸರು ಬರುತ್ತದೆ. ಬ್ಯಾರಿ ಅಂದ ತಕ್ಷಣ ನಮ್ಮ ಮಂಗಳೂರು ಕಡೆಯ ಓದುಗರು ಕಿವಿ ನಿಮಿರಿಸುತ್ತಾರೆ, ಗೊತ್ತು. ಸಂಬಂಧ ಇಲ್ಲ, ಅದು ಅಲ್ಲಿನ ಒಂದು ಸಾಮಾನ್ಯ ಮನೆತನದ ಹೆಸರು ಅಷ್ಟೆ.

ಈತ ಪತ್ರಕರ್ತ. ಆಟದ ತರಬೇತುದಾರ. ಕೂಲಿಕಾರರ ಸಂಘದ ಕಾರ್ಯದರ್ಶಿ. ನಗರಸಭೆ ಸದಸ್ಯ. ದೇಶ ಸ್ವತಂತ್ರವಾಗಬೇಕೆಂದು ಜೈಲಿಗೆ ಹೋದವನು. ಆದರೂ ಐರ್ಲೆಂಡಿನ ಸ್ವಾತಂತ್ರ್ಯದ ಕಥೆಯಲ್ಲಿ ಈತನಿಗೆ ಸಿಗುವುದು ಸಾಮಾನ್ಯವಾಗಿ ಒಂದು ಸಾಲು, ಅದೂ ಸತ್ತ ರೀತಿಯ ಬಗ್ಗೆ. ಬದುಕಿದ ರೀತಿಯ ಬಗ್ಗೆ ಹೇಳೋಣ ಅಂತ ಈ ಬರಹ.

ಆಸ್ಪತ್ರೆಯಿಂದ ಪತ್ರಿಕೆಗೆ

ಕಾರ್ಕ್ ಐರ್ಲೆಂಡಿನ ದಕ್ಷಿಣದ ದೊಡ್ಡ ಬಂದರು ನಗರ. ನಡುವೆ ಲೀ ನದಿ, ಎರಡೂ ಕಡೆ ಗುಡ್ಡ. ಒಂದು ಕಾಲಕ್ಕೆ ಸುತ್ತಲ ಹಳ್ಳಿಗಳ ಬೆಣ್ಣೆಯೆಲ್ಲ ಈ ಊರಿಗೆ ಬಂದು, ಇಲ್ಲಿಂದ ಹಡಗು ಹತ್ತಿ ದೇಶದೇಶಕ್ಕೆ ಹೋಗುತ್ತಿತ್ತು. ನದಿಯ ಉತ್ತರ ದಂಡೆಯ ಏರಿನಲ್ಲಿ ದುಡಿಯುವವರ ಬೀದಿಗಳು. ಬ್ಯಾರಿ 1880ರಲ್ಲಿ ಹುಟ್ಟಿದ್ದು ಆ ಕಡೆಯ ಬ್ಲಾರ್ನಿ ಬೀದಿಯಲ್ಲಿ.

ಊರಿನ ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿ ಆತ ಅಟೆಂಡರ್ ಆಗಿ ಕೆಲಸ ಮಾಡಿದ. ಆ ಕಾಲದ ಹುಚ್ಚಾಸ್ಪತ್ರೆ ಅಂದರೆ ಊಹಿಸಿಕೊಳ್ಳಿ. ರೋಗಿಗಳಷ್ಟೇ ಅಲ್ಲ, ನೋಡಿಕೊಳ್ಳುವವರೂ ಒಂದು ತರಹದ ಕೈದಿಗಳೇ. ಬ್ಯಾರಿಯ ಸಂಘದ ಬದುಕನ್ನು ಓದುವಾಗ ನನಗೆ ಈ ಕೆಲಸವೇ ಮತ್ತೆ ಮತ್ತೆ ನೆನಪಾಗುತ್ತದೆ. ಬೇರೆಯವರು ನೋಡಲು ಇಷ್ಟಪಡದ ಜಾಗದಲ್ಲಿ ದುಡಿದವನು ಆತ.

ಆಮೇಲೆ ಪತ್ರಿಕೆಗೆ ಬಂದ. 'ಕಾರ್ಕ್ ಫ್ರೀ ಪ್ರೆಸ್' ಎಂಬ ದಿನಪತ್ರಿಕೆ 1910ರಲ್ಲಿ ಶುರುವಾಗಿತ್ತು. ಬ್ಯಾರಿ ಅದರಲ್ಲಿ ವರದಿಗಾರ. ಮುಖ್ಯವಾಗಿ ಬರೆದದ್ದು ಆಟದ ಬಗ್ಗೆ.

ಆಟ ಅಂದರೆ ಹರ್ಲಿಂಗ್. ನೋಡದವರಿಗೆ ಹೇಳಬೇಕೆಂದರೆ, ಹಾಕಿ ಕೋಲಿಗಿಂತ ಅಗಲ ತುದಿಯ ಒಂದು ಮರದ ಕೋಲು, ಒಂದು ಸಣ್ಣ ಗಟ್ಟಿ ಚೆಂಡು. ಹಾಕಿಯಲ್ಲಿ ಚೆಂಡು ಹೆಚ್ಚಾಗಿ ನೆಲದ ಮೇಲೆ ಓಡಿದರೆ ಇಲ್ಲಿ ಗಾಳಿಯಲ್ಲೇ ಹಾರುತ್ತಿರುತ್ತದೆ. ಓಡುತ್ತಾ ಓಡುತ್ತಾ ಕೋಲಿನ ತುದಿಯಲ್ಲಿ ಚೆಂಡು ನಿಲ್ಲಿಸಿಕೊಂಡು ಹೋಗುತ್ತಾರೆ. ಎರಡು ಕೋಲು ಒಂದಕ್ಕೊಂದು ಬಡಿದರೆ ಮೈದಾನದ ಆಚೆಗೂ ಸದ್ದು ಕೇಳುತ್ತದೆ.

ಇದು ಬರೀ ಆಟವಾಗಿರಲಿಲ್ಲ. 1884ರಲ್ಲಿ ಐರಿಷ್ ಆಟಗಳನ್ನು ಉಳಿಸಲೆಂದೇ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಹುಟ್ಟಿತ್ತು. ಕ್ರಿಕೆಟ್ ಆಡುವವರಿಗೆ, ಫುಟ್‌ಬಾಲ್ ಆಡುವವರಿಗೆ ಅದರಲ್ಲಿ ಜಾಗವಿಲ್ಲ. ಬ್ರಿಟಿಷ್ ಸಿಪಾಯಿಗೆ, ಪೊಲೀಸನಿಗೆ ಮೊದಲೇ ಇಲ್ಲ. ಇದು ಸರಿಯೋ ತಪ್ಪೋ ಅಂತ ವಾದ ಮಾಡಬಹುದು. ಆದರೆ ಭಾನುವಾರ ಮಧ್ಯಾಹ್ನ ಒಂದು ಮೈದಾನದಲ್ಲಿ ಯುವಕರು ಸೇರುವುದಕ್ಕೆ ಅದೊಂದು ಜಾಗವಾಗಿತ್ತು ಅನ್ನುವುದು ನಿಜ.

1916ರಲ್ಲಿ ಬ್ಯಾರಿ 'ಹರ್ಲಿಂಗ್ ಆಡುವುದು ಹೇಗೆ' ಎಂದು ಕಲಿಸುವ ಪುಸ್ತಕ ಬರೆದ. ಆ ಆಟಕ್ಕೆ ಬಂದ ಮೊದಮೊದಲ ಕೈಪಿಡಿಗಳಲ್ಲಿ ಅದು ಒಂದು. ಹೆಣ್ಣುಮಕ್ಕಳು ಆಡುವ ಹರ್ಲಿಂಗ್‌ಗೆ ಕ್ಯಾಮೋಗಿ ಅನ್ನುತ್ತಾರೆ. ಕಾರ್ಕಿನಲ್ಲಿ ಅದನ್ನು ಬೆಳೆಸಲೂ ಆತ ಓಡಾಡಿದ.

ನಾವು ಪತ್ರಿಕೋದ್ಯಮ ಓದುವಾಗ ಕ್ರೀಡಾ ವರದಿ ಅಂದರೆ ಕೊನೆಯ ಪುಟ ತುಂಬಿಸುವ ಕೆಲಸ ಅನ್ನುವ ಭಾವನೆ ಇತ್ತು. ಊರೂರಿನ ಪಂದ್ಯಕ್ಕೆ ಹೋಗಿ ಬರೆಯುವವನಿಗೆ ಪ್ರತಿ ಊರಿನ ಹುಡುಗರ ಹೆಸರು, ಮನೆ, ಕೆಲಸ, ಕೂಲಿ ಎಲ್ಲ ಗೊತ್ತಿರುತ್ತದೆ ಅಂತ ನಮಗೆ ಯಾರೂ ಹೇಳಿಕೊಡಲಿಲ್ಲ.

ಎರಡು ಬಾವುಟ

ಈಗ ಸ್ವಲ್ಪ ಹಿನ್ನೆಲೆ ಬೇಕು. ಆಗ ಐರ್ಲೆಂಡಿನಲ್ಲಿ ಎರಡು ಜಗಳ ಒಟ್ಟಿಗೇ ನಡೆಯುತ್ತಿದ್ದವು.

ಒಂದು, ಬ್ರಿಟಿಷರಿಂದ ಬಿಡುಗಡೆ. ಇನ್ನೊಂದು, ಮಾಲೀಕ ಮತ್ತು ದುಡಿಯುವವನ ನಡುವಿನದು. 1909ರಲ್ಲಿ ಜಿಮ್ ಲಾರ್ಕಿನ್ ಎಂಬಾತ ಹಮಾಲಿಗಳು, ಗಾಡಿಯವರು, ಬಂದರಿನ ಕೂಲಿಗಳನ್ನೆಲ್ಲ ಸೇರಿಸಿ ಐರಿಷ್ ಸಾರಿಗೆ ಮತ್ತು ಸಾಮಾನ್ಯ ಕಾರ್ಮಿಕರ ಸಂಘ ಕಟ್ಟಿದ. ಅಲ್ಲಿಯವರೆಗೆ ಸಂಘ ಅಂದರೆ ಬಡಗಿ, ಮೇಸ್ತ್ರಿಯಂಥ ಕಸುಬು ಬಲ್ಲವರದ್ದು. ಕಸುಬಿಲ್ಲದ ಕೂಲಿಯವನ ಸಂಘ ಹೊಸದು. 1913ರಲ್ಲಿ ಡಬ್ಲಿನ್ನಿನ ಮಾಲೀಕರು ಒಟ್ಟಾಗಿ, ಈ ಸಂಘ ಬಿಟ್ಟೆ ಎಂದು ಬರೆದುಕೊಟ್ಟವರಿಗೆ ಮಾತ್ರ ಕೆಲಸ ಅಂದರು. ಸುಮಾರು 20,000 ಜನ ತಿಂಗಳುಗಟ್ಟಲೆ ಬೀದಿಯಲ್ಲಿ ನಿಂತರು. ಹಸಿವಿಗೆ ಸೋತು ಮರಳಿದರು. ಆ ಮಾಲೀಕರ ಮುಂದಾಳು ಬ್ರಿಟಿಷನಲ್ಲ, ವಿಲಿಯಂ ಮಾರ್ಟಿನ್ ಮರ್ಫಿ ಎಂಬ ಐರಿಷ್ ರಾಷ್ಟ್ರವಾದಿ. ಈ ಮಾತು ಮುಂದೆ ಬೇಕಾಗುತ್ತದೆ.

1916ರ ಈಸ್ಟರ್ ಹಬ್ಬದ ವಾರದಲ್ಲಿ ಡಬ್ಲಿನ್ನಿನಲ್ಲಿ ದಂಗೆಯಾಯಿತು. ಅದರ ಮುಂದಾಳುಗಳಲ್ಲಿ ಆ ಸಂಘವನ್ನು ನಡೆಸುತ್ತಿದ್ದ ಜೇಮ್ಸ್ ಕಾನೊಲಿಯೂ ಒಬ್ಬ. ಗಾಯಗೊಂಡು ನಿಲ್ಲಲಾಗದಿದ್ದ ಆತನನ್ನು ಮೇ 12ರಂದು ಕುರ್ಚಿಯಲ್ಲಿ ಕೂರಿಸಿ ಗುಂಡು ಹೊಡೆದರು.

ಇಲ್ಲೊಂದು ನಮ್ಮ ಕಡೆಯ ಎಳೆ ಇದೆ. ಆಗ ಡಬ್ಲಿನ್ನಿನಲ್ಲಿ ಕಾನೂನು ಓದುತ್ತಿದ್ದ ವಿ.ವಿ. ಗಿರಿ ಎಂಬ ಭಾರತೀಯ ಹುಡುಗ ಈ ಗಾಳಿಯಲ್ಲೇ ಬೆಳೆದ. 1916ರಲ್ಲಿ ಅವರನ್ನು ದೇಶ ಬಿಟ್ಟು ಹೋಗಲು ಹೇಳಿದರು. ಭಾರತಕ್ಕೆ ಬಂದು ರೈಲ್ವೆ ಕಾರ್ಮಿಕರ ಸಂಘ ಕಟ್ಟಿದರು, 1965ರಿಂದ 67ರವರೆಗೆ ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದರು, ಆಮೇಲೆ ರಾಷ್ಟ್ರಪತಿಯಾದರು.

ಮತ್ತೆ ಕಾರ್ಕಿಗೆ ಬರೋಣ. ಅಲ್ಲಿನ ಸ್ವಯಂಸೇವಕರ ಪಡೆಯಲ್ಲಿ ಬ್ಯಾರಿಯೂ ಇದ್ದ. ಈಸ್ಟರ್ ಭಾನುವಾರ ಮಳೆಯಲ್ಲಿ ನಡೆದು ಹೊರಟವರಿಗೆ ಡಬ್ಲಿನ್ನಿನಿಂದ ಒಂದಕ್ಕೊಂದು ಹೊಂದದ ಆದೇಶಗಳು ಬಂದವು. ಕಾರ್ಕಿನಲ್ಲಿ ದಂಗೆ ಏಳಲೇ ಇಲ್ಲ. ಅದೇ ವರ್ಷ 'ಕಾರ್ಕ್ ಫ್ರೀ ಪ್ರೆಸ್' ಸರ್ಕಾರದ ಸೆನ್ಸಾರ್ ಜೊತೆ ಜಗಳವಾಗಿ ಮುಚ್ಚಿಹೋಯಿತು. ಬ್ಯಾರಿಗೆ ಪತ್ರಿಕೆಯ ಕೆಲಸ ಹೋಯಿತು, ಮಾತು ಉಳಿಯಿತು. ಭಾಷಣ ಮಾಡಿದ್ದಕ್ಕೆ ಜೈಲು ಸೇರಿದ. 1918ರ ಮೇ ತಿಂಗಳಲ್ಲಿ, ಜರ್ಮನಿಯ ಜೊತೆ ಸೇರಿ ಪಿತೂರಿ ಮಾಡಿದ್ದಾರೆ ಎಂಬ ನೆಪ ಹೇಳಿ ಸರ್ಕಾರ ರಾತ್ರೋರಾತ್ರಿ ಹಲವರನ್ನು ಹಿಡಿದು ಬ್ರಿಟನ್ನಿನ ಜೈಲುಗಳಿಗೆ ಸಾಗಿಸಿತು. ಅವರಲ್ಲಿ ಆತನೂ ಒಬ್ಬ. 1919ರ ಮಾರ್ಚಿನಲ್ಲಿ ಅವರನ್ನೆಲ್ಲ ಬಿಟ್ಟರು. ಅಷ್ಟರಲ್ಲಿ ಜೈಲಿಗೆ ನುಗ್ಗಿದ ಜಾಗತಿಕ ಜ್ವರ ಕೆಲವರನ್ನು ಬಲಿ ತೆಗೆದುಕೊಂಡಿತ್ತು.

ಹೊಲದ ಕೂಲಿ ಕೇಳಿದ ಪ್ರಶ್ನೆ

ಬಿಡುಗಡೆಯಾಗಿ ಬಂದ ಬ್ಯಾರಿ ಕಾರ್ಕಿನಲ್ಲಿ ಆ ಸಂಘದ ಕಾರ್ಯದರ್ಶಿಯಾದ. ಸಂಘದ ಕಚೇರಿ ನದಿ ದಂಡೆಯಲ್ಲಿತ್ತು, ಗುಂಡಿಗೆ ಬಲಿಯಾದ ಕಾನೊಲಿಯ ಹೆಸರು ಅದಕ್ಕೆ.

ಅಷ್ಟರಲ್ಲಿ ಸಂಘ ಬೆಳೆದದ್ದು ಹೇಗೆ ನೋಡಿ. 1916ರಲ್ಲಿ ಇಡೀ ದೇಶದಲ್ಲಿ ಸುಮಾರು 5,000 ಸದಸ್ಯರು. 1920ಕ್ಕೆ ಒಂದು ಲಕ್ಷ ದಾಟಿತ್ತು. ಹೊಸದಾಗಿ ಬಂದವರಲ್ಲಿ ದೊಡ್ಡ ಪಾಲು ಪೇಟೆಯವರಲ್ಲ. ಹೊಲದಲ್ಲಿ ದುಡಿಯುವ ಕೂಲಿಗಳು.

ಯಾಕೆ ಅಂದರೆ ಮೊದಲ ಮಹಾಯುದ್ಧ. ಜರ್ಮನಿಯ ಜಲಾಂತರ್ಗಾಮಿಗಳು ಬ್ರಿಟನ್ನಿಗೆ ಬರುವ ಆಹಾರದ ಹಡಗುಗಳನ್ನು ಮುಳುಗಿಸುತ್ತಿದ್ದವು. ಐರ್ಲೆಂಡಿನ ರೈತರು ಆಗ ಉಳುಮೆಗಿಂತ ದನ ಸಾಕಿ ಮಾರುವುದರಲ್ಲಿ ಹೆಚ್ಚು ಲಾಭ ಕಂಡಿದ್ದರು. ದನಕ್ಕೆ ಹುಲ್ಲು ಸಾಕು, ಆಳು ಬೇಡ. 1917ರಲ್ಲಿ ಸರ್ಕಾರ ಆದೇಶ ಮಾಡಿತು: ಹತ್ತು ಎಕರೆಗಿಂತ ಹೆಚ್ಚಿರುವವರು ತಮ್ಮ ಉಳಬಲ್ಲ ಭೂಮಿಯಲ್ಲಿ ಇನ್ನೂ ಹತ್ತರಲ್ಲೊಂದು ಪಾಲು ಉಳಲೇಬೇಕು. ಉಳುಮೆ ಹೆಚ್ಚಿತು, ಆಳಿಗೆ ಬೇಡಿಕೆ ಬಂತು. ಧಾನ್ಯದ ಬೆಲೆ ಏರಿ ರೈತನ ಕೈಗೆ ಕಾಸು ಬಂತು. ಕೂಲಿ ಮಾತ್ರ ಬೆಲೆಯ ಹಿಂದೆ ಕುಂಟುತ್ತಾ ನಡೆಯಿತು. ಅದೇ ವರ್ಷ ಕೃಷಿ ಕೂಲಿಗೆ ಕನಿಷ್ಠ ದರ ಗೊತ್ತು ಮಾಡುವ ಒಂದು ಮಂಡಳಿಯೂ ಬಂತು. ಸಂಘದವರು ಅದನ್ನು ಹಿಡಿದುಕೊಂಡು ಹಳ್ಳಿಹಳ್ಳಿಗೆ ಹೋದರು. ದರ ಇದು, ನಿನಗೆ ಸಿಗುತ್ತಿರುವುದು ಎಷ್ಟು?

ಕಟಾವಿನ ಹೊತ್ತಿಗೆ ಮುಷ್ಕರ ಮಾಡುವುದು ಕೃಷಿ ಕೂಲಿಯ ಏಕೈಕ ಆಯುಧ. ತೆನೆ ಕಾಯುವುದಿಲ್ಲ, ಮಳೆ ಕಾಯುವುದಿಲ್ಲ. ಇದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಆದರೆ ತೊಡಕು ಇಲ್ಲೇ. ಬ್ರಿಟಿಷರ ವಿರುದ್ಧ ನಿಂತ ಶಿನ್ ಫೇನ್ ಪಕ್ಷಕ್ಕೆ ವೋಟು ಹಾಕಿದವನು, ಗುಪ್ತ ಹೋರಾಟಗಾರರಿಗೆ ರಾತ್ರಿ ಅನ್ನ ಹಾಕಿ ಮಲಗಲು ಜಾಗ ಕೊಟ್ಟವನು ಹಲವು ಕಡೆ ಅದೇ ರೈತ. ಅವನ ಹೊಲದ ಕೂಲಿಯೂ ಅದೇ ಪಕ್ಷದವನು. ಇಬ್ಬರ ಮಗಂದಿರೂ ಒಂದೇ ಪಡೆಯಲ್ಲಿ. ಹೀಗಿರುವಾಗ ಕೂಲಿ ಜಾಸ್ತಿ ಕೇಳಿದರೆ ಅದು ಹಕ್ಕೋ, ದೇಶದ ಹೋರಾಟ ಒಡೆಯುವ ಕೆಲಸವೋ? ಮೊದಲು ದೇಶ ಸ್ವತಂತ್ರವಾಗಲಿ, ಆಮೇಲೆ ಕೂಲಿಯ ಮಾತು ಅನ್ನುವವರು ಬಹಳ ಜನ ಇದ್ದರು. 1918ರ ಸಾರ್ವತ್ರಿಕ ಚುನಾವಣೆಯಲ್ಲಿ ಲೇಬರ್ ಪಕ್ಷ ಸ್ಪರ್ಧಿಸದೆ ಹಿಂದೆ ಸರಿಯಿತು, ವೋಟು ಒಡೆಯಬಾರದು ಎಂದು. ನನ್ನ ಪ್ರಕಾರ ಅದು ಆ ಪಕ್ಷದ ಬಲು ದುಬಾರಿ ಔದಾರ್ಯ.

ಬ್ಯಾರಿ ಇವೆರಡನ್ನೂ ಬೇರೆ ಮಾಡಲಿಲ್ಲ. ಪಡೆಯಲ್ಲಿದ್ದುಕೊಂಡೇ ಸಂಘ ನಡೆಸಿದ. ಹಾಗೆ ಮಾಡಿದವನು ಆತನೊಬ್ಬನೇ ಅಲ್ಲ. 1920ರ ಏಪ್ರಿಲ್‌ನಲ್ಲಿ ಡಬ್ಲಿನ್ ಜೈಲಿನಲ್ಲಿ ಉಪವಾಸ ಕೂತಿದ್ದ ಬಂಧಿಗಳಿಗಾಗಿ ಕಾರ್ಮಿಕ ಸಂಘಗಳು ದೇಶವನ್ನೇ ಬಂದ್ ಮಾಡಿಸಿದವು. ಎರಡೇ ದಿನಕ್ಕೆ ಸರ್ಕಾರ ಬಗ್ಗಿತು. ಆ ವರ್ಷ ಮೇ ತಿಂಗಳಿಂದ ಡಿಸೆಂಬರ್‌ವರೆಗೆ ರೈಲ್ವೆ ಕಾರ್ಮಿಕರು ಬ್ರಿಟಿಷ್ ಸೈನಿಕರನ್ನಾಗಲಿ ಅವರ ಮದ್ದುಗುಂಡನ್ನಾಗಲಿ ಸಾಗಿಸುವುದಿಲ್ಲ ಎಂದು ಹಟ ಹಿಡಿದರು. ಸಿಪಾಯಿಗಳು ಹತ್ತಿದರೆ ರೈಲು ಹೊರಡುತ್ತಿರಲಿಲ್ಲ, ಅಷ್ಟೆ. ಎಷ್ಟೋ ಜನ ಕೆಲಸ ಕಳೆದುಕೊಂಡರು. ಬಂದೂಕು ಹಿಡಿದವರ ಹೆಸರು ನೆನಪಿಟ್ಟ ಹಾಗೆ ಈ ಡ್ರೈವರ್, ಗಾರ್ಡುಗಳ ಹೆಸರು ಯಾರೂ ನೆನಪಿಟ್ಟಿಲ್ಲ.

ನಗರಸಭೆಯ ಒಂದು ವರ್ಷ

1920ರ ಜನವರಿಯಲ್ಲಿ ನಗರಸಭೆಗಳಿಗೆ ಚುನಾವಣೆ ನಡೆಯಿತು. ಕಾರ್ಕಿನಲ್ಲಿ ಶಿನ್ ಫೇನ್ ಮತ್ತು ಬ್ಯಾರಿಯ ಕಾರ್ಮಿಕ ಸಂಘ ಒಂದೇ ಪಟ್ಟಿ ಮಾಡಿಕೊಂಡು ನಿಂತು ಗೆದ್ದವು. ಬ್ಯಾರಿ ಆಲ್ಡರ್‌ಮನ್ ಆದ. ಹಾಗೆಂದರೆ ಬರೀ ಸದಸ್ಯನಲ್ಲ, ತನ್ನ ವಾರ್ಡಿನಲ್ಲಿ ಎಲ್ಲರಿಗಿಂತ ಮುಂದೆ ಬಂದು ಗೆದ್ದ ಹಿರಿಯ ಸದಸ್ಯ. ಹೊಸ ಸಭೆ ಮೊದಲ ದಿನವೇ ತಾನು ಲಂಡನ್ನಿನ ಮಾತು ಕೇಳುವುದಿಲ್ಲ, ಡಬ್ಲಿನ್ನಿನಲ್ಲಿ ಐರಿಷ್ ಜನ ಮಾಡಿಕೊಂಡ ಸಂಸತ್ತಿನ ಮಾತು ಕೇಳುತ್ತೇನೆ ಎಂದು ಠರಾವು ಮಾಡಿತು.

ಠರಾವು ಮಾಡುವುದು ಸುಲಭ, ಆಮೇಲೆ? ಬ್ರಿಟಿಷ್ ಸರ್ಕಾರ ಅನುದಾನ ನಿಲ್ಲಿಸಿತು. ರಸ್ತೆ, ನೀರು, ಆಸ್ಪತ್ರೆ, ನೌಕರರ ಸಂಬಳ ಎಲ್ಲಕ್ಕೂ ಊರಿನ ತೆರಿಗೆಯೇ ಗತಿ. ಪಂಚಾಯಿತಿಗೆ ಅನುದಾನ ನಿಂತರೆ ಏನಾಗುತ್ತದೆ ಎಂದು ಬಲ್ಲವರು ಆ ಸದಸ್ಯರ ಪಾಡನ್ನು ಊಹಿಸಬಲ್ಲರು.

ಮತ್ತು ಆ ಒಂದು ವರ್ಷದಲ್ಲಿ ಊರಿಗೆ ಬಿದ್ದ ಪೆಟ್ಟುಗಳು: ಮೇಯರ್ ಆದ ತೋಮಾಸ್ ಮ್ಯಾಕ್‌ಕರ್ಟನ್‌ನನ್ನು ಮಾರ್ಚ್ 20ರ ರಾತ್ರಿ ಮುಖಕ್ಕೆ ಮಸಿ ಬಳಿದುಕೊಂಡು ಬಂದವರು ಮನೆಗೇ ನುಗ್ಗಿ ಗುಂಡಿಕ್ಕಿ ಕೊಂದರು. ಸಾವಿನ ತನಿಖೆಗೆ ಕೂತ ಊರಿನ ಪಂಚರು ಪೊಲೀಸರ ಮೇಲೂ, ಬ್ರಿಟಿಷ್ ಪ್ರಧಾನಿ ಲಾಯ್ಡ್ ಜಾರ್ಜ್ ಮೇಲೂ ಕೊಲೆಯ ಆರೋಪ ಹೊರಿಸಿ ತೀರ್ಪು ಬರೆದರು. ನಂತರ ಮೇಯರ್ ಆದ ಟೆರೆನ್ಸ್ ಮ್ಯಾಕ್‌ಸ್ವೀನಿಯನ್ನು ಆಗಸ್ಟಿನಲ್ಲಿ ನಗರಸಭೆ ಕಟ್ಟಡದಲ್ಲೇ ಹಿಡಿದರು. ಆತ ಲಂಡನ್ನಿನ ಜೈಲಿನಲ್ಲಿ ಉಪವಾಸ ಕೂತು 74ನೇ ದಿನ ಸತ್ತ. ಒಂಬತ್ತು ವರ್ಷದ ಬಳಿಕ ಲಾಹೋರ್ ಜೈಲಿನಲ್ಲಿ ಜತೀನ್ ದಾಸ್ 63 ದಿನ ಉಪವಾಸವಿದ್ದು ತೀರಿಕೊಂಡಾಗ ಮ್ಯಾಕ್‌ಸ್ವೀನಿಯ ಮನೆಯವರು ಐರ್ಲೆಂಡಿನಿಂದ ಸಂತಾಪದ ತಂತಿ ಕಳಿಸಿದರು. ಡಿಸೆಂಬರ್ 11ರ ರಾತ್ರಿ ಬ್ರಿಟಿಷ್ ಪಡೆಗಳು ಕಾರ್ಕಿನ ಪೇಟೆಗೇ ಬೆಂಕಿ ಇಟ್ಟವು. ನಲವತ್ತಕ್ಕೂ ಹೆಚ್ಚು ಅಂಗಡಿ, ಮಳಿಗೆ, ನಗರಸಭೆ ಕಟ್ಟಡ, ಗ್ರಂಥಾಲಯ ಸುಟ್ಟವು. ಸುಮಾರು 2,000 ಜನರಿಗೆ ಬೆಳಗಾಗುವಷ್ಟರಲ್ಲಿ ಕೆಲಸವಿರಲಿಲ್ಲ. ಸುಟ್ಟ ಅಂಗಡಿಯ ಮಾಲೀಕರು ಪರಿಹಾರಕ್ಕೆ ಅರ್ಜಿ ಹಾಕಬಹುದು. ಅಲ್ಲಿ ದುಡಿಯುತ್ತಿದ್ದವರು ಯಾರ ಹತ್ತಿರ ಹೋಗಬೇಕು? ಬ್ಯಾರಿಯ ಸಂಘದ ಬಾಗಿಲಿಗೆ.

1921ರ ಜನವರಿ 31. ಮೂರನೆಯ ಮೇಯರ್ ಡೊನಾಲ್ ಓಕ್ಯಾಲಹನ್‌ನನ್ನು ಮತ್ತೆ ಆರಿಸಲು ಸದಸ್ಯರು ಸಭೆ ಸೇರಿದ್ದರು. ಸೈನ್ಯ ಬಂತು. ಬ್ಯಾರಿಯೂ ಸೇರಿ ಕೆಲವು ಸದಸ್ಯರನ್ನು ಸಭೆಯಿಂದಲೇ ಎತ್ತಿಕೊಂಡು ಹೋಯಿತು. ದೇಶದ ದಕ್ಷಿಣ ತುದಿಯ ಕಾರ್ಕಿನಿಂದ ಉತ್ತರದ ಬ್ಯಾಲಿಕಿನ್ಲರಿಗೆ.

ತಂತಿಯ ಒಳಗೆ

ಬ್ಯಾಲಿಕಿನ್ಲರಿನಲ್ಲಿ ಎರಡು ಆವರಣ, ಒಂದೊಂದರಲ್ಲಿ ಸುಮಾರು ಸಾವಿರ ಜನ. ಬಂಧಿಗಳು ಅಲ್ಲೇ ಒಂದು ಪುಟ್ಟ ಊರು ಕಟ್ಟಿಕೊಂಡರು. ಐರಿಷ್ ಭಾಷೆಯ ತರಗತಿ, ಲೆಕ್ಕದ ತರಗತಿ, ನಾಟಕ, ಆಟ, ತಮ್ಮದೇ ಪತ್ರಿಕೆ. ಒಳಗಿನ ಅಂಗಡಿಯಲ್ಲಿ ನಡೆಯುವ ರಟ್ಟಿನ ನಾಣ್ಯ ಕೂಡ ಇತ್ತು. ಆದರೆ ತಂತಿಯ ಹತ್ತಿರ ಹೋಗುವುದು ಅಪಾಯ ಅಂತ ಎಲ್ಲರಿಗೂ ಗೊತ್ತಿತ್ತು. ಬ್ಯಾರಿಯನ್ನು ಹಿಡಿಯುವ ಎರಡು ವಾರ ಮೊದಲು, ಜನವರಿ 17ರಂದು, ಜೋಸೆಫ್ ಟಾರ್ಮಿ ಮತ್ತು ಪ್ಯಾಟ್ರಿಕ್ ಸ್ಲೋನ್ ಎಂಬಿಬ್ಬರು ಕಾವಲುಗಾರನ ಗುಂಡಿಗೆ ಬಿದ್ದಿದ್ದರು. ಒಂದೇ ಗುಂಡು, ಎರಡು ಹೆಣ.

ಆ ಸೆಪ್ಟೆಂಬರಿನಲ್ಲಿ ಆತ ಬಿಟ್ಟುಬಂದ ಊರಿನಲ್ಲಿ ಬಂದರಿನ ಕಾರ್ಮಿಕರು ಕೂಲಿಗಾಗಿ ಮುಷ್ಕರ ಹೂಡಿ, ಬಂದರು ಮಂಡಳಿಯ ಕಚೇರಿಯನ್ನೇ ವಶಕ್ಕೆ ತೆಗೆದುಕೊಂಡು ಮೇಲೆ ಕೆಂಪು ಬಾವುಟ ಹಾರಿಸಿದರು. ಕದನ ವಿರಾಮವಾಗಿತ್ತು, ಕೂಲಿಯ ಜಗಳಕ್ಕೆ ವಿರಾಮವಿರಲಿಲ್ಲ. ಬ್ಯಾರಿ ತಂತಿಯ ಒಳಗಿದ್ದ.

ನವೆಂಬರ್ 15ರ ನಂತರದ್ದು ಮೊದಲೇ ಹೇಳಿದ್ದೇನೆ. ಹೆಣ ಮೊದಲು ಡಬ್ಲಿನ್ನಿಗೆ ಬಂತು. ಲಂಡನ್ನಿನ ಮಾತುಕತೆಯಲ್ಲಿದ್ದ ಮೈಕೆಲ್ ಕಾಲಿನ್ಸ್ ಅಲ್ಲಿನ ಮೆರವಣಿಗೆಯಲ್ಲಿ ನಡೆದ. ಕಾರ್ಕಿನಲ್ಲಿ ಊರಿಗೆ ಊರೇ ಬೀದಿಗಿಳಿಯಿತು. ಕಾರ್ಮಿಕ ಸಂಘದವರು, ಪಡೆಯವರು, ಹರ್ಲಿಂಗ್ ಆಡುವವರು ಎಲ್ಲ ಒಂದೇ ಸಾಲಿನಲ್ಲಿ. ಇಬ್ಬರು ಮೇಯರ್‌ಗಳನ್ನು ಮಣ್ಣು ಮಾಡಿದ್ದ ಸೇಂಟ್ ಫಿನ್‌ಬಾರ್ ಸ್ಮಶಾನದಲ್ಲೇ ಆತನನ್ನೂ ಹೂತರು.

ಮೂರು ವಾರಕ್ಕೆ ಒಪ್ಪಂದವಾಯಿತು. ಅದು ಸಾಕು ಅನ್ನುವವರು, ಸಾಲದು ಅನ್ನುವವರು ಎಂದು ಹೋರಾಟಗಾರರೇ ಎರಡಾಗಿ, ಮುಂದಿನ ಜೂನಿಗೆ ತಮ್ಮತಮ್ಮಲ್ಲೇ ಯುದ್ಧಕ್ಕಿಳಿದರು. ಮೆರವಣಿಗೆಯಲ್ಲಿ ನಡೆದಿದ್ದ ಕಾಲಿನ್ಸ್ ಒಂಬತ್ತು ತಿಂಗಳಿಗೆ, ಅದೇ ಕಾರ್ಕ್ ಜಿಲ್ಲೆಯ ಹಳ್ಳಿ ದಾರಿಯಲ್ಲಿ, ತನ್ನ ಹಳೆಯ ಸಂಗಾತಿಗಳ ಗುಂಡಿಗೆ ಬಿದ್ದ. ಆಮೇಲೆ ಯಾವ ಪಕ್ಷದವರು ಯಾರ ಫೋಟೋ ಹಾಕಿಕೊಳ್ಳಬೇಕು ಎಂಬ ಲೆಕ್ಕ ಶುರುವಾಯಿತು. ಒಪ್ಪಂದಕ್ಕೂ ಮೊದಲೇ ಸತ್ತ ಬ್ಯಾರಿ ಯಾವ ಲೆಕ್ಕಕ್ಕೂ ಸಿಗಲಿಲ್ಲ. ಕೈಯಲ್ಲಿ ಬಂದೂಕಿಲ್ಲದೆ ಸತ್ತ. ಜೊತೆಗೆ ಕೂಲಿ ಕೇಳಿದವನು. ಆತನ ಬಗ್ಗೆ ವಿವರವಾದ ಜೀವನ ಚರಿತ್ರೆಯನ್ನು ಇತಿಹಾಸಕಾರ ಡೊನಾಲ್ ಓ ಡ್ರಿಸ್ಕೋಲ್ ಹೊರತಂದದ್ದು 2021ರಲ್ಲಿ, ಸತ್ತು ನೂರು ವರ್ಷಕ್ಕೆ.

ಮೊದಲು ದೇಶ, ಆಮೇಲೆ ಕೂಲಿ ಎಂದಿದ್ದರಲ್ಲ. ದೇಶ ಬಂತು. ಕನಿಷ್ಠ ಕೂಲಿಯ ಮಂಡಳಿಯನ್ನು ಬ್ರಿಟಿಷರು 1921ರಲ್ಲೇ ತೆಗೆದುಹಾಕಿದ್ದರು, ಹೊಸ ಸರ್ಕಾರ ಅದನ್ನು ಮತ್ತೆ ತರಲಿಲ್ಲ. ಯುದ್ಧಕಾಲದ ಬೆಲೆಗಳು ಬಿದ್ದಿದ್ದವು. 1923ರಲ್ಲಿ, ಕಾರ್ಕಿನ ಪಕ್ಕದ ವಾಟರ್‌ಫರ್ಡ್ ಜಿಲ್ಲೆಯ ದೊಡ್ಡ ರೈತರು ಆಳಿನ ಕೂಲಿ ಇಳಿಸಲು ಹೊರಟರು. ಬ್ಯಾರಿಯ ಸಂಘಕ್ಕೆ ಸೇರಿದ ಸುಮಾರು 1,500 ಕೂಲಿಗಳು ಮುಷ್ಕರ ಹೂಡಿದರು. ರೈತರ ಫಸಲು ಪೇಟೆಗೆ ಹೋಗುವಾಗ ಜೊತೆಗೆ ಬಂದೂಕು ಹಿಡಿದ ಸೈನಿಕರು ಬಂದರು. ಈ ಸಲ ಅವರ ಸಮವಸ್ತ್ರ ಹಸಿರು, ಐರ್ಲೆಂಡಿನದ್ದೇ ಸೈನ್ಯ. ಸಂಜೆಯಾದರೆ ಹಳ್ಳಿಗಳಲ್ಲಿ ಕರ್ಫ್ಯೂ. ಮೇ ತಿಂಗಳಿಂದ ನಡೆದ ಆ ಮುಷ್ಕರ ಡಿಸೆಂಬರಿಗೆ ಮುರಿದುಬಿತ್ತು.